ಅಡ್ಡಗೆರೆಯನ್ನು ನಾನು ಓದಿದ ರೀತಿ

ಕಲಬುರಗಿಯ ಹಣ್ಣಿನ ಮಾರ್ಕೆಟ್ಟಿನಲ್ಲಿ ಕಮಲಾಪುರದ ಕೆಂಪು ಬಾಳೆ ಮಾರುವವಳು ನಾನು. ಹತ್ತೊಂಬತ್ತು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನ ಗೋಡೆಗೆ ಬೆನ್ನು ಕೊಟ್ಟು ಒಂದು ಬುಟ್ಟಿ ಇಟ್ಟುಕೊಂಡು ಕುಳಿತವಳಿಗೆ ಈಗ ಮಾರ್ಕೆಟ್ಟಿನಲ್ಲಿ ಮೂಲೆಯ ಅಂಗಡಿ, ಎರಡು ಪಿಕಪ್ ಗಾಡಿ, ಬ್ರಹ್ಮಪುರದಲ್ಲಿ ಎರಡು ಕೋಣೆಯ ಸ್ವಂತ ಮನೆ ಇದೆ. ಯಾರೂ ಕೊಟ್ಟದ್ದಲ್ಲ. ಚೌಕಾಸಿ ಮಾಡಿ ಮಾಡಿ ಗಳಿಸಿದ್ದು.

ಹೀಗಾಗಿ ಜನ ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಬರದವರಿಗೂ ನಾನು ಹೇಳುತ್ತೇನೆ. ಗೊನೆ ಕೊಳ್ಳುವಾಗ ಹಣ್ಣು ನೋಡಬೇಡಿ, ದಂಟು ಕಡಿದ ಜಾಗ ನೋಡಿ. ಅಲ್ಲಿ ಹಸಿ ಇದ್ದರೆ ಇಂದು ಕಡಿದದ್ದು, ಕಂದಿದ್ದರೆ ಮೊನ್ನೆಯದು. ಬೇರೆಯವರ ತಕ್ಕಡಿಯಲ್ಲಿ ತೂಗಿಸುವ ಮೊದಲು, ಖಾಲಿ ಇದ್ದಾಗ ಅದು ಏನು ತೋರಿಸುತ್ತದೆ ಎಂದು ಒಮ್ಮೆ ಕಣ್ಣಾಡಿಸಿ. ಮೊದಲ ದರ ಎದುರಿನವರ ಬಾಯಿಂದಲೇ ಬರಲಿ. ಇಂಥವು ನನ್ನ ಹತ್ತಿರ ಬೇಕಾದಷ್ಟಿವೆ. ಇವನ್ನು ಕಲಿತಿದ್ದೇನೆಂಬ ಸೊಕ್ಕಿನಲ್ಲೇ, ನನಗಿಂತ ಹಿರಿಯರೊಬ್ಬರನ್ನು ಹತ್ತು ಜನರ ಮುಂದೆ ಕಳ್ಳ ಅಂದೆ. ಆ ಸಂಗತಿಯನ್ನು ಬರೆಯಲು ಕುಳಿತಿದ್ದೇನೆ. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಅವರು ನನ್ನ ಗಾಡಿಯ ಡ್ರೈವರ್. ಊರು ಕಮಲಾಪುರವೇ. ವಯಸ್ಸು ಐವತ್ತೈದು ದಾಟಿತ್ತು. ನಾವೆಲ್ಲ ಕಾಕಾ ಅನ್ನುತ್ತಿದ್ದೆವು, ಅವರು ನನಗೆ ತಂಗಿ ಅನ್ನುತ್ತಿದ್ದರು. ಎಂಟು ವರ್ಷ ಅವರೇ ತೋಟದಿಂದ ಗೊನೆ ತಂದರು. ಕೆಂಪು ಬಾಳೆ ಅಂದರೆ ಬಹಳ ನಾಜೂಕು. ದಾರಿಯಲ್ಲಿ ಒಂದು ಪೆಟ್ಟು ಬಿದ್ದರೆ ಆಗ ಏನೂ ಕಾಣುವುದಿಲ್ಲ. ಮರುದಿನ ಸಿಪ್ಪೆಯ ಮೇಲೆ ಕಪ್ಪು ಕಲೆ ಎದ್ದು ಕೂರುತ್ತದೆ, ಗಿರಾಕಿ ಮುಟ್ಟುವುದಿಲ್ಲ. ಕಾಕಾ ಗಾಡಿಯ ತಳಕ್ಕೆ ಒಣ ಬಾಳೆ ಎಲೆ ಹಾಸಿ, ಗೊನೆಗಳ ನಡುವೆ ಮತ್ತೆ ಎಲೆ ತುರುಕಿ, ಮದುಮಗಳನ್ನು ಕರೆತಂದ ಹಾಗೆ ಕರೆತರುತ್ತಿದ್ದರು. ಇನ್ನೊಂದು ಗಾಡಿಯ ಡ್ರೈವರ್ ಚುರುಕಿನವನು. ಅದೇ ದಾರಿಯನ್ನು ಕಾಕಾನಿಗಿಂತ ಹತ್ತು ಹದಿನೈದು ನಿಮಿಷ ಮೊದಲೇ ಮುಗಿಸುತ್ತಿದ್ದ. ನನಗೆ ಅವನೇ ಹುಷಾರಿ ಅನ್ನಿಸುತ್ತಿತ್ತು.

ಎರಡೂ ಗಾಡಿಗೆ ಜಿಪಿಎಸ್ ಹಾಕಿಸಿದ್ದು ಖೂಬಾ ಪ್ಲಾಟ್ ಬಡಾವಣೆಯ ಒಂದು ಅಂಗಡಿಯಲ್ಲಿ. ಹಾಕಿದವನು ನನ್ನ ಫೋನಿನಲ್ಲಿ ಆ್ಯಪ್ ಇಳಿಸಿ, ಒಂದು ಗೆರೆಯ ಚಿತ್ರ ತೋರಿಸಿ ಹೇಳಿಕೊಟ್ಟ: “ಅಕ್ಕೋರ, ಭಾಳ ಸರಳ ಅದ. ಗೆರಿ ಏರಲಾಕತ್ತದ ಅಂದ್ರ ಗಾಡಿ ಹೊಂಟದ. ಗೆರಿ ಅಡ್ಡ ಮಲಗ್ತು ಅಂದ್ರ ಗಾಡಿ ನಿಂತದ. ಗೆರಿ ಕೆಳಗ ಬಂತಂದ್ರ ಗಾಡಿ ಹೊಂಟ ಜಾಗಾಕ್ಕ ವಾಪಸ್ ಹೊಂಟದ.”

ನಾನು ಅಲ್ಲೇ ನಿಂತು ಎರಡು ಸಲ ಒಪ್ಪಿಸಿದೆ. ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲೇ ಡುಮ್ಕಿ ಹೊಡೆದವಳು ನಾನು. ಅಂಥವಳಿಗೆ ಒಂದು ವಿಜ್ಞಾನದ ಚಿತ್ರ ಇಷ್ಟು ಸಲೀಸಾಗಿ ತಲೆಗೆ ಹೋಯಿತಲ್ಲ ಎಂದು ಹಿಗ್ಗಿದೆ. ಅದೇ ತಿಂಗಳು ಚುರುಕಿನ ಡ್ರೈವರ್ ದಾರಿಯಲ್ಲಿ ಇಪ್ಪತ್ತು ನಿಮಿಷ ಚಹಾಕ್ಕೆ ನಿಂತದ್ದನ್ನು ಅಡ್ಡಗೆರೆ ತೋರಿಸಿ ಹಿಡಿದೆ. ಅವನು ಒಪ್ಪಿಕೊಂಡು ತಲೆ ಕೆರೆದುಕೊಂಡ. ಅವತ್ತಿನಿಂದ ಮಾರ್ಕೆಟ್ಟಿನಲ್ಲಿ ಗಾಡಿ ಇಟ್ಟವರಿಗೆಲ್ಲ ನನ್ನ ಉಪದೇಶ ಶುರುವಾಯಿತು: ಜಿಪಿಎಸ್ ಹಾಕಿಸಿ, ಗೆರೆ ನೋಡಲು ಕಲಿಯಿರಿ, ಮನುಷ್ಯ ಸುಳ್ಳು ಹೇಳಿದರೂ ಗೆರೆ ಹೇಳುವುದಿಲ್ಲ.

ಶ್ರಾವಣದ ಒಂದು ಸೋಮವಾರ. ಶ್ರಾವಣದಲ್ಲಿ ಬಾಳೆಗೆ ಎಂಥ ಬೇಡಿಕೆ ಇರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಏಳಕ್ಕೆ ಮಾರ್ಕೆಟ್ಟಿನಲ್ಲಿ ಸವಾಲು ಕೂಗಲು ಶುರು. ಮೊದಲ ಹತ್ತು ನಿಮಿಷದಲ್ಲಿ ದೊಡ್ಡ ಗಿರಾಕಿಗಳು ಹರಾಜು ಹಿಡಿದು ಎದ್ದುಬಿಡುತ್ತಾರೆ. ಕಾಕಾನ ಗಾಡಿ ಬಂದಾಗ ಏಳು ದಾಟಿ ಹತ್ತು ನಿಮಿಷವಾಗಿತ್ತು. ಪಕ್ಕದ ಅಂಗಡಿಯವನ ಸಾಮಾನ್ಯ ಬಾಳೆ ಹೋಗಿ ಮುಗಿದಿತ್ತು. ನಾನು ಖಾಲಿ ಕಟ್ಟೆಯ ಮೇಲೆ ಕುದಿಯುತ್ತ ನಿಂತಿದ್ದೆ.

“ಎಲ್ಲಿ ನಿಂತಿದ್ರಿ ಕಾಕಾ?”

“ಎಲ್ಲೂ ನಿಂತಿಲ್ಲ ತಂಗಿ. ತೋಟದಾಗ ಗೊನಿ ಕಡಿಯೂದು ತಡಾ ಆತು. ಹೊಂಟಿಂದ ಸೀದಾ ಬಂದೀನಿ.”

ನಾನು ಫೋನ್ ತೆಗೆದೆ. ಎರಡು ದಿನದ ಹಿಂದೆ ಆ್ಯಪ್ ತಾನೇ ಹೊಸದಾಗಿ ಬದಲಾಗಿತ್ತು. ಬಣ್ಣ ಬೇರೆ, ಅಕ್ಷರ ಸಣ್ಣವು. ತೆರೆದ ಕೂಡಲೇ ಒಂದು ಗೆರೆಯ ಚಿತ್ರ ಬಂತು. ಶುರುವಿನಲ್ಲಿ ಗೆರೆ ಸ್ವಲ್ಪ ಏರಿತ್ತು. ಆಮೇಲೆ ಉದ್ದಕ್ಕೂ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ, ಅಡ್ಡ. ಕೊನೆಯಲ್ಲಿ ಇಳಿದು ತಳ ಮುಟ್ಟಿತ್ತು. ನನಗೆ ಅಷ್ಟು ಸಾಕಾಯಿತು. ಫೋನನ್ನು ಎತ್ತಿ ಸುತ್ತ ನಿಂತವರಿಗೆ ತೋರಿಸಿದೆ.

“ನೋಡ್ರಿ ಎಲ್ಲಾರೂ. ಇಲ್ಲಿಂದ ಇಲ್ಲಿತನಕ ಗೆರಿ ಅಡ್ಡ ಮಲಗ್ಯದ. ಐವತ್ತು ನಿಮಿಷ ಗಾಡಿ ನಿಂತದ! ಆಮ್ಯಾಲ ಕೆಳಗ ಇಳದದ, ಅಂದ್ರ ಹೊಳ್ಳಿ ಹೋಗ್ಯಾರ. ಯಾರ ಮನಿಗಿ ಗೊನಿ ಇಳಿಸಿ ಬಂದ್ರಿ ಕಾಕಾ?”

ಕಾಕಾ ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಫೋನಿನೊಳಗೆ ಬಗ್ಗಿ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಖರೆಯಾಗಿ ತಿಳಿಯದೆ ಕೇಳಿದರು: “ಹೊಳ್ಳಿ ಹೋಗಿದ್ರ ನಾ ಈಗ ಇಲ್ಲಿ ಹ್ಯಾಂಗ ನಿಂತೀನಿ ತಂಗಿ?”

ಸುತ್ತಲಿನವರು ನಕ್ಕರು. “ಕಾಕಾ ಹಾರಿ ಬಂದಾನ ಬಿಡ್ರಿ ಅಕ್ಕಾ! ರೆಕ್ಕಿ ನೋಡ್ರಿ ಅಂಗಿ ಒಳಗ!” ಎಂದು ಒಬ್ಬ ಕೂಗಿದ.

ಆ ಪ್ರಶ್ನೆಯಲ್ಲೇ ಉತ್ತರವಿತ್ತು. ಐದು ನಿಮಿಷ ತಣ್ಣಗಿದ್ದರೆ ನನಗೂ ಹೊಳೆಯುತ್ತಿತ್ತು. ಆದರೆ ಆ ನಗು ನನ್ನ ಮೇಲೆ ಬಿತ್ತೆಂದು ತಿಳಿದೆ. ಗೆರೆ ಓದುವುದನ್ನು ಊರಿಗೆಲ್ಲ ಕಲಿಸಿದವಳ ಮುಂದೆ ಡ್ರೈವರೊಬ್ಬ ಎದುರು ಮಾತಾಡುವುದೇ?

“ಕಳ್ಳತನಾ ಮಾಡಿ ಮ್ಯಾಲ ಮಾತು ಬ್ಯಾರೆ. ಮಷೀನ್ ಸುಳ್ಳ ಹೇಳಂಗಿಲ್ಲ, ಕಳ್ಳ ಹೇಳ್ತಾನ!”

ನಗು ನಿಂತಿತು. ಕಾಕಾ ಕನ್ನಡಕ ತೆಗೆದು ಮಡಚಿದರು. ಗಾಡಿಯ ಚಾವಿಯನ್ನು ನನ್ನ ಕೈಗೆ ಕೊಡಲಿಲ್ಲ; ಅಂಗಡಿಯ ಕಟ್ಟೆಯ ಮೇಲೆ ಸದ್ದಾಗದ ಹಾಗೆ ಇಟ್ಟರು. “ಗೊನಿ ಇಳಸ್ಕೋರಿ ಮೇಡಂ” ಅಂದರು. ಎಂಟು ವರ್ಷದಲ್ಲಿ ಮೊದಲ ಸಲ ಮೇಡಂ ಅಂದರು. ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಹೋದರು.

ಗೊನೆ ಇಳಿಸಿ ಎಣಿಸಿದೆ. ಒಂದೂ ಕಡಿಮೆ ಇರಲಿಲ್ಲ. ತೋಟದವರು ಫೋನಿನಲ್ಲಿ ಹೇಳಿದಷ್ಟೇ ಇದ್ದವು. ಆಗಲಾದರೂ ಓಡಿಹೋಗಿ ಕರೆಯಬೇಕಿತ್ತು. ನಾನು ಮಾಡಿದ್ದೇನು? ಗೊನೆ ಸರಿ ಇದ್ದರೇನಾಯಿತು, ದಾರಿಯಲ್ಲಿ ಬೇರೆ ಯಾರದೋ ಸಾಮಾನು ಹೇರಿ ಬಾಡಿಗೆ ಹೊಡೆದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಬ್ಬರನ್ನು ಕಳ್ಳ ಅಂದಮೇಲೆ ಅವರು ಕಳ್ಳರಾಗಿಯೇ ಇರಬೇಕಾಗುತ್ತದೆ, ಇಲ್ಲದಿದ್ದರೆ ಅಂದವರ ಗತಿ ಏನು?

ಅಷ್ಟಕ್ಕೆ ಸುಮ್ಮನಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ. ಮಾರ್ಕೆಟ್ಟಿನ ಇಬ್ಬರು ವ್ಯಾಪಾರಿಗಳು ಡ್ರೈವರ್ ಬೇಕೆಂದು ಹಿಂದೆ ನನ್ನನ್ನು ಕೇಳಿದ್ದರು. ಒಬ್ಬರು ಈರುಳ್ಳಿಯವರು, ಒಬ್ಬರು ದಾಳಿಂಬೆಯವರು. ಮಧ್ಯಾಹ್ನ ಊಟವಾದ ಮೇಲೆ, ಅವರು ಕೇಳದೆಯೇ, ಇಬ್ಬರಿಗೂ ಫೋನ್ ಮಾಡಿದೆ. “ಆ ಕಮಲಾಪುರದ ಡ್ರೈವರ್ ಕೆಲಸಾ ಕೇಳ್ಕೊಂಡು ಬಂದ್ರ ಇಟ್ಕೋಬ್ಯಾಡ್ರಿ. ಯಾಕ ಅಂತ ಕೇಳಬ್ಯಾಡ್ರಿ, ನನ್ನ ಮಾತ ಕೇಳ್ರಿ” ಅಂದೆ. ಇಬ್ಬರೂ ಉಪಕಾರವಾಯಿತು ಅಂದರು. ಒಳ್ಳೆಯ ಸಲಹೆ ಕೊಟ್ಟ ಸಮಾಧಾನದಲ್ಲಿ ನಾನು ಸ್ವಲ್ಪ ಹೊತ್ತು ಮಲಗಿಯೂ ಎದ್ದೆ.

ಐದನೆಯ ದಿನ ಸಂಜೆ ಮನೆಯಲ್ಲಿ ಮಗಳು ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದಳು. ಪಿಯುಸಿ ಮೊದಲ ವರ್ಷ, ಸೈನ್ಸ್. ಮರುದಿನ ಅವಳಿಗೆ ಫಿಸಿಕ್ಸ್ ಪರೀಕ್ಷೆ. ನೋಟುಬುಕ್ಕಿನ ತುಂಬ ಗೆರೆಗಳು: ಏರಿದವು, ಮಲಗಿದವು, ಇಳಿದವು. ನನಗೆ ಖುಷಿ ತಡೆಯಲಾಗಲಿಲ್ಲ.

“ಈ ಪಾಠಾ ನಿಮ್ಮ ಸರ್‌ಗಿಂತ ನಾ ಛಲೋ ಹೇಳ್ತೀನಿ, ಕೇಳ.”

“ಹೇಳವ್ವಾ, ಹೇಳು. ನಾಳಿ ಪೇಪರ್ ನೀನಾ ಬರದು ಬಾ.”

ನಾನು ಒಪ್ಪಿಸಿದೆ. ಏರಿದರೆ ಹೊರಟಿದೆ, ಮಲಗಿದರೆ ನಿಂತಿದೆ, ಇಳಿದರೆ ವಾಪಸ್. ಎಷ್ಟು ಕಡಿದಾಗಿ ಏರಿದರೆ ಅಷ್ಟು ಜೋರು.

“ಅರೆ, ಬರೋಬ್ಬರಿ ಅದ!” ಅಂದಳು ಮಗಳು. “ದೂರದ ನಕ್ಷಾಕ್ಕ ಬರೋಬ್ಬರಿ ಅದ. ಯಾರು ಕಲಿಸಿದ್ರು?”

ನಾನು ಫೋನ್ ತೆಗೆದು ಸೋಮವಾರದ ಗೆರೆ ತೋರಿಸಿದೆ. ಕಳ್ಳನನ್ನು ಹಿಡಿಯುವುದು ಹೀಗೆ, ಪುಸ್ತಕದ ವಿದ್ಯೆ ಬದುಕಿಗೆ ಬರಬೇಕು ಎಂದು ನೀತಿಪಾಠವನ್ನೂ ಸೇರಿಸಿದೆ. ಅವಳು ನೋಡಿದಳು. ಫೋನನ್ನು ಕಣ್ಣಿನ ಹತ್ತಿರ ತಂದಳು.

“ಅವ್ವಾ, ಈ ಗೆರಿ ಬದಿಗಿ ಮ್ಯಾಲ ಏನ ಬರದದ ಓದು.”

“ಓದೂದೇನದ? ಕಿಲೋಮೀಟರ್.”

“ಪೂರಾ ಓದು.”

ಕನ್ನಡಕ ಹಾಕಿಕೊಂಡೆ. ಕಿಲೋಮೀಟರ್ ಅನ್ನುವುದರ ಮುಂದೆ ಒಂದು ಓರೆಗೆರೆ ಇತ್ತು, ಅದರ ಮುಂದೆ ಗಂಟೆ ಎಂದಿತ್ತು.

“ಇದು ಎಷ್ಟ ದೂರ ಹೋತು ಅಂತ ಹೇಳೂ ಗೆರಿ ಅಲ್ಲವ್ವಾ. ಎಷ್ಟ ಜೋರ ಹೊಂಟದ ಅಂತ ಹೇಳೂದು. ವೇಗದ್ದು. ಇಲ್ಲಿ ಅಡ್ಡ ಮಲಗ್ಯದ ಅಂದ್ರ ಗಾಡಿ ನಿಂತದ ಅಂತಲ್ಲ, ವೇಗ ಬದಲಾಗಿಲ್ಲ ಅಂತ. ಯಾವ ನಂಬರ್ ಮ್ಯಾಲ ಮಲಗ್ಯದ ನೋಡು. ನಲವತ್ತೆರಡು. ಗಾಡಿ ನಿಂತಿದ್ರ ಸೊನ್ನಿ ಮ್ಯಾಲ ಮಲಗ್ತಿತ್ತು.”

“ಕೆಳಗ ಇಳದದಲ್ಲ ಮತ್ತ?”

“ವೇಗ ಕಡಿಮಿ ಆಗ್ಯದ. ಬ್ರೇಕ್ ಹಾಕ್ಯಾರ, ಅದೂ ಮೆಲ್ಲಕ. ಮಾರ್ಕೆಟ್ ಬಂದದ, ಇಳದದ.”

ಚೌಕಾಸಿ ನನ್ನ ರಕ್ತದಲ್ಲಿದೆ. ಅಷ್ಟು ಸುಲಭಕ್ಕೆ ನಾನು ಬಿಡುವವಳಲ್ಲ. “ಹಂಗಿದ್ರ ಇದ್ರಾಗ ದೂರ ಎಲ್ಲದ? ತೋರ್ಸು ನೋಡಮು” ಅಂದೆ.

ಮಗಳು ನೋಟುಬುಕ್ಕಿನ ಹೊಸ ಹಾಳೆಯಲ್ಲಿ ಅದೇ ಚಿತ್ರ ಬರೆದಳು. ಗೆರೆಯ ಕೆಳಗಿನ ಜಾಗಕ್ಕೆ ಪೆನ್ಸಿಲಿನಿಂದ ಮಸಿ ಬಳಿದಳು. “ಈ ಮಸಿ ಬಳದ ಜಾಗಾನೇ ದೂರ. ನಡುವಿಂದು ಪೆಟಿಗಿ ಇದ್ದಂಗ ಅದ. ಗಂಟಿಗಿ ನಲವತ್ತೆರಡರಂಗ ಐವತ್ತು ನಿಮಿಷ. ಮೂವತ್ತೈದು ಕಿಲೋಮೀಟರ್ ಆತು. ಶುರುವಿಗಿ ನಾಕು ನಿಮಿಷದಾಗ ಸೊನ್ನಿಯಿಂದ ನಲವತ್ತೆರಡಕ್ಕ ಏರ್ಯದ, ಅದು ತ್ರಿಕೋನ. ಪೆಟಿಗಿ ಅರ್ಧ. ಒಂದು ಪಾಯಿಂಟ್ ನಾಕು. ಕಡೀಕಿಂದೂ ಅಷ್ಟೇ. ಎಲ್ಲಾ ಕೂಡಿಸಿದ್ರ ಮೂವತ್ತೇಳು ಪಾಯಿಂಟ್ ಎಂಟು. ತೋಟದಿಂದ ಮಾರ್ಕೆಟ್ ಎಷ್ಟ ದೂರ ಅವ್ವಾ?”

ಆ ದೂರ ನನಗೆ ನಿದ್ದೆಯಲ್ಲೂ ಗೊತ್ತು. ಮೂವತ್ತೆಂಟು.

“ನೀ ಹೇಳಿದಂಗ ಐವತ್ತು ನಿಮಿಷ ನಿಂತಿದ್ರ ಓಡ್ಲಾಕ ಉಳದದ್ದು ಎಂಟೇ ನಿಮಿಷ. ಎಂಟು ನಿಮಿಷದಾಗ ಮೂವತ್ತೆಂಟು ಕಿಲೋಮೀಟರ್! ವಿಮಾನ ತಂದಿದ್ದನೇನವ್ವಾ ಆ ಡ್ರೈವರ್?” ಎಂದು ನಕ್ಕವಳು ನನ್ನ ಮುಖ ನೋಡಿ ನಿಲ್ಲಿಸಿದಳು. “ಯಾವ ಡ್ರೈವರ್ ಇದು?”

“ಕಾಕಾ” ಅಂದೆ.

“ನಮ್ಮ ಕಾಕಾ? ಅವರಿಗಿ ಏನಂದಿ?”

ನಾನು ಇನ್ನೊಂದು ಗಾಡಿಯ ಗೆರೆ ತೆಗೆದು ಅವಳ ಮುಂದೆ ಹಿಡಿದೆ. ಮಾತು ತಪ್ಪಿಸಲು ಹಿಡಿದೆ ಅನ್ನಿ. ಅದು ಗರಗಸದ ಹಲ್ಲಿನ ಹಾಗಿತ್ತು. ಹಿಂದಿನ ದಿನವೇ ಅದನ್ನು ನೋಡಿ, ಎಷ್ಟು ಸಲ ಏರಿದ್ದಾನೆ ನೋಡು ಹುಡುಗ ಎಂದು ಮೆಚ್ಚಿಕೊಂಡಿದ್ದೆ.

“ಈ ಗಾಡ್ಯಾಗ ನಾ ಕೂಡಂಗಿಲ್ಲಪ್ಪ” ಅಂದಳು. “ವೇಗದ ನಕ್ಷಾದಾಗ ಗೆರಿ ಎಷ್ಟ ಕಡಿದಾಗ್ತದೋ ಅಷ್ಟ ವೇಗೋತ್ಕರ್ಷ. ಅಂದ್ರ ಅಷ್ಟ ಜಗ್ಗಾಟ. ಎರಡ ನಿಮಿಷದಾಗ ಇಪ್ಪತ್ತರಿಂದ ಎಪ್ಪತ್ತೈದಕ್ಕ ಒಯ್ದಾನ, ಮುಂದಿನೆರಡ ನಿಮಿಷದಾಗ ಹೊಳ್ಳಿ ಇಪ್ಪತ್ತಕ್ಕ ಇಳಸ್ಯಾನ. ಒಳಗಿನ ಗೊನಿ ಏನಾಗ್ಬೇಕು? ಕಾಕಾಂದು ಅಡ್ಡ ಮಲಗ್ಯದಲ್ಲ, ಅಲ್ಲಿ ವೇಗೋತ್ಕರ್ಷ ಸೊನ್ನಿ. ಗೊನಿಗಿ ಗಾಡಿ ಓಡ್ಲಾಕತ್ತದ ಅಂತನೂ ಗೊತ್ತಾಗಿರಂಗಿಲ್ಲ.”

ನಾನು ಎದ್ದು ಒಳಗೆ ಹೋದೆ. ಕಪ್ಪು ಕಲೆಯ ಹಣ್ಣು ಬಂದಾಗಲೆಲ್ಲ ಯಾರ ಗಾಡಿಯಲ್ಲಿ ಬಂತೆಂದು ನಾನು ನೋಡಿದವಳೇ ಅಲ್ಲ. “ನಿಮ್ಮ ತೋಟದಾಗ ಹೀಂಗಾಗ್ಯದ” ಎಂದು ನನಗೆ ಗೊನೆ ಕೊಡುವ ಕಮಲಾಪುರದ ರೈತ ಹೆಂಗಸಿನೊಂದಿಗೆ ಜಗಳ ತೆಗೆದು ದರ ಇಳಿಸುತ್ತಿದ್ದೆ. ಅವಳು ಆಣೆ ಮಾಡಿ ಹೇಳಿದರೂ ಇಳಿಸುತ್ತಿದ್ದೆ. ಯಾವುದೇ ತಕ್ಕಡಿಯನ್ನು ನೋಡದೆ ನಂಬಬೇಡಿ ಎಂದು ಲೋಕಕ್ಕೆಲ್ಲ ಹೇಳುವವಳು, ಗೆರೆಯ ಪಕ್ಕದಲ್ಲಿ ಏನು ಬರೆದಿದೆ ಎಂದು ಓದಿರಲಿಲ್ಲ.

ಮರುದಿನವೇ ಕಾಕಾನ ಮನೆಗೆ ಹೋದೆ ಎಂದು ಬರೆಯಬೇಕೆಂದು ಆಸೆ. ಹೋಗಲಿಲ್ಲ. ಶ್ರಾವಣದ ಗದ್ದಲ, ಮಗಳ ಪರೀಕ್ಷೆ, ಮಳೆ ಎಂದು ನಾಲ್ಕು ದಿನ ನೂಕಿದೆ. ಮಗಳು ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಹತ್ತನೆಯ ದಿನ ಒಂದು ಚೀಲ ಸೇಬುಹಣ್ಣು ಕಟ್ಟಿಸಿಕೊಂಡು ಬಸ್ಸು ಹಿಡಿದು ಕಮಲಾಪುರದಲ್ಲಿ ಇಳಿದೆ.

ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಬೆಳಗಿನ ಹೊತ್ತಿನಲ್ಲಿ ಅವರು ಕೆಲಸವಿಲ್ಲದೆ ಕುಳಿತದ್ದನ್ನು ನಾನು ಎಂದೂ ನೋಡಿರಲಿಲ್ಲ. “ಬರ್ರಿ ಮೇಡಂ” ಅಂದರು. ಅವರ ಹೆಂಡತಿ ಚಹಾ ತಂದು ಇಟ್ಟು, ಹೋಗದೆ ಬಾಗಿಲಿಗೆ ಆತು ನಿಂತರು.

ಎದುರಿನವರು ಒಪ್ಪುವ ಎಲ್ಲಕ್ಕಿಂತ ಕಡಿಮೆ ದರದಿಂದ ಶುರು ಮಾಡುವುದು ನನ್ನ ರೂಢಿ. ಅಲ್ಲಿಯೂ ಅದನ್ನೇ ಮಾಡಿದೆ.

“ಅವತ್ತ ಏನೋ ಸಿಟ್ಟಿನಾಗ ಅಂದ್ಬಿಟ್ಟೆ ಕಾಕಾ.”

“ಚಹಾ ಆರ್ತದ, ಕುಡೀರಿ.”

“ಆ ಆ್ಯಪ್ ಬದಲಾಗಿತ್ತು. ಮಷೀನ್ ತಪ್ಪ ತೋರಿಸ್ತು ನೋಡ್ರಿ.”

“ಹೌದೇನ್ರಿ.”

“ನಾಳಿಂದ ಬರ್ರಿ. ಪಗಾರಾನೂ ಏರಸ್ತೀನಿ.”

ಬಾಗಿಲಲ್ಲಿದ್ದವರು ಬಾಯಿ ತೆರೆದರು: “ಪಗಾರ ಯಾರು ಕೇಳ್ಯಾರ್ರಿ ಅಕ್ಕೋರ? ಮಾರ್ಕೆಟ್ಟಿನಿಂದ ಬಂದಿಂದ ಈ ಮನಷ್ಯಾ ಬಜಾರಕ್ಕ ಸೈತ ಹೋಗಿಲ್ಲ. ಸುದ್ದಿ ಅವರಿಗಿಂತ ಮುಂಚೆ ಊರಿಗಿ ಬಂದದ.”

ಕಾಕಾ ಅವರನ್ನು ಕೈಸನ್ನೆಯಿಂದ ತಡೆದರು. “ಮಾತು ಎಲ್ಲಿ ಅಂದ್ರಿ ಮೇಡಂ?”

“ಮಾರ್ಕೆಟ್ಟಿನಾಗ.”

“ಮತ್ತ ಅಲ್ಲೇ ಅನ್ರಿ.”

“ಇಲ್ಲೇ ನಿಮ್ಮ ಓಣಿ ಹಿರೇರನ್ನ ಕರೀರಿ. ಅವರ ಮುಂದ ಅಂತೀನಿ.”

“ಓಣಿಯವರು ನನಗ ಕಳ್ಳ ಅಂದಿಲ್ಲಲ್ರೀ.”

ಅವರು ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ನನ್ನ ಜೀವಮಾನದಲ್ಲಿ ಅಂಥ ವ್ಯಾಪಾರ ಕಂಡಿರಲಿಲ್ಲ. ನಾಳೆ ಬೆಳಿಗ್ಗೆ ಮಾರ್ಕೆಟ್ಟಿಗೆ ಬನ್ನಿ ಎಂದು ಒಪ್ಪಿಕೊಂಡು ಎದ್ದೆ. ಆಗ ಅವರೇ ಹೇಳಿದರು: “ಎರಡ ಕಡಿ ಫೋನ್ ಹಚ್ಚಿ ಕೆಲಸಾ ಕೇಳೀನಿ. ಈರುಳ್ಳಿಯವರಲ್ಲಿ, ದಾಳಿಂಬ್ರಿಯವರಲ್ಲಿ. ಮೊದಲೆಲ್ಲಾ ಬಾ ಬಾ ಅಂತಿದ್ರು. ಈಗ ಯಾಕೋ ಇಬ್ರೂ ಬ್ಯಾಡ ಅಂದ್ರು.”

ನಾನು ಚಪ್ಪಲಿ ಮೆಟ್ಟುವುದರಲ್ಲಿ ಬಹಳ ಕೆಲಸ ಇರುವವಳ ಹಾಗೆ ಬಗ್ಗಿದೆ.

ಮರುದಿನ ಏಳಕ್ಕೆ ಹತ್ತು ನಿಮಿಷ ಮೊದಲು ಕಾಕಾ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನಾನು ಮಗಳ ನೋಟುಬುಕ್ಕಿನ ಹಾಳೆ ತಂದಿದ್ದೆ. ಅಕ್ಕಪಕ್ಕದವರನ್ನು ಕೂಗಿ ಕರೆದೆ, ಹಾಳೆ ಎತ್ತಿ ಹಿಡಿದೆ. ಇದು ದೂರದ ಗೆರೆ, ಇದು ವೇಗದ ಗೆರೆ. ಎರಡೂ ಅಡ್ಡ ಮಲಗುತ್ತವೆ, ಅರ್ಥ ಬೇರೆ ಬೇರೆ. ಗೆರೆಯ ಕೆಳಗಿನ ಜಾಗ ಅಳೆದರೆ ದೂರ ಸಿಗುತ್ತದೆ. ಏರಿಳಿತ ನೋಡಿದರೆ ಜಗ್ಗಾಟ ಸಿಗುತ್ತದೆ. ಚೆನ್ನಾಗಿಯೇ ಹೇಳಿದೆ. ಗಾಡಿ ಇಟ್ಟುಕೊಂಡ ನಾಲ್ಕೈದು ಮಂದಿ ಮುಂದೆ ಬಂದು ಪ್ರಶ್ನೆ ಕೇಳಿದರು. “ಅಕ್ಕಾ ಪ್ರೊಫೆಸರ್ ಆಗ್ಯಾರಪ್ಪೋ!” ಎಂದು ಅದೇ ಹಳೆಯ ನಗೆಗಾರ ಕೂಗಿದ. ನಾಚಿಕೆಯ ಸಂಗತಿಯೆಂದರೆ, ನಾನು ನಕ್ಕೆ. ಒಂದು ಕ್ಷಣ ನಾನು ಅಲ್ಲಿ ಯಾಕೆ ನಿಂತಿದ್ದೇನೆಂಬುದೇ ಮರೆತಿತ್ತು.

ಕಾಕಾ ಕೊನೆಯವರೆಗೂ ಕೇಳಿದರು. “ಛಲೋ ಹೇಳಿದ್ರಿ ಮೇಡಂ” ಅಂದರು. “ಗೆರಿಗಿ ನ್ಯಾಯ ಸಿಕ್ತು. ನಂದೇನು?”

ಅಷ್ಟರಲ್ಲಿ ಸವಾಲು ಶುರುವಾಗಿ ಅರ್ಧ ಜನ ಅತ್ತ ಸರಿದಿದ್ದರು. ಹಾಳೆಯನ್ನು ಮಡಚಿದೆ. ಅದು ಕೈಯಲ್ಲಿರುವವರೆಗೆ ಮಾತು ಹೊರಡುವುದಿಲ್ಲ ಅನ್ನಿಸಿತು.

“ಕಾಕಾ ಕಳ್ಳ ಅಲ್ಲ” ಅಂದೆ. ದನಿ ಸಣ್ಣದಾಯಿತು. “ಜೋರ ಹೇಳ್ರಿ ಅಕ್ಕಾ, ಕೇಳಸ್ತಿಲ್ಲ” ಎಂದು ಹಿಂದಿನಿಂದ ಯಾರೋ ಅಂದರು, ಕುಚೋದ್ಯಕ್ಕಲ್ಲ. ಜೋರಾಗಿ ಹೇಳಿದೆ: “ಕಾಕಾ ಕಳ್ಳ ಅಲ್ಲ. ಮಷೀನ್ ಸರಿ ತೋರಿಸಿತ್ತು, ನಾ ಸರಿ ಓದಲಿಲ್ಲ. ಗೊನಿ ಎಣಸಿದೆ, ಎಲ್ಲಾ ಸರಿ ಇದ್ವು. ಆದ್ರೂ ಸುಮ್ನಿದ್ದೆ. ಅವರಿಗಿ ಕೆಲಸಾ ಕೊಡಬ್ಯಾಡ್ರಿ ಅಂತ ಇಬ್ಬರಿಗಿ ಫೋನ್ ಮಾಡಿ ಹೇಳ್ದೆ.”

ಕೊನೆಯ ಮಾತು ಕಾಕಾನಿಗೆ ಗೊತ್ತಿರಲಿಲ್ಲ. ಅವರು ನನ್ನ ಕಡೆ ನೋಡಿದ್ದನ್ನು ಬರೆಯಲು ನನಗೆ ಬರುವುದಿಲ್ಲ.

“ನೀವಾ?” ಅಂದರು. “ನಿನ್ನಿ ನನ್ನ ಮನ್ಯಾಗ ಕುಂತು ಚಹಾ ಕುಡದ್ರಲ್ಲ” ಅಂದರು. ಆಮೇಲೆ, “ಈಗ ಹಚ್ರಿ ಫೋನು. ನನ್ನ ಮುಂದ.”

ಈರುಳ್ಳಿಯವರು ಎತ್ತಲಿಲ್ಲ. ದಾಳಿಂಬೆಯವರು ಎತ್ತಿದರು. ನಾನು ಸ್ಪೀಕರ್ ಹಾಕಿ, ತಪ್ಪು ನನ್ನದು, ಆ ಡ್ರೈವರ್ ಬಂಗಾರದಂಥ ಮನುಷ್ಯ, ಇಟ್ಟುಕೊಳ್ಳಿ ಅಂದೆ.

“ಅಯ್ಯ ಅಕ್ಕಾ, ನೀವಾ ಬ್ಯಾಡ ಅಂದ್ರಿ ಅಂತ ಹೋದ ವಾರಾನೇ ಬ್ಯಾರೆಯವಗ ಗಾಡಿ ಕೊಟ್ಟೀನಿ. ನೀವಾ ಹೇಳ್ತೀರಿ ಅಂದ್ರ ಅವನ್ನ ನಾಳಿನೇ ತಗೀತೀನಿ, ಏನ್ ಮಾಡ್ಲಿ?”

ನಾನು ಕಾಕಾನ ಮುಖ ನೋಡಿದೆ. ಖರೇ ಹೇಳುತ್ತೇನೆ, ತಗೀರಿ ಅನ್ನಲು ನನ್ನ ಬಾಯಿ ಅರ್ಧ ತೆರೆದಿತ್ತು. ಅಲ್ಲಿಗೆ ಎಲ್ಲ ಚುಕ್ತಾ ಆಗುತ್ತಿತ್ತಲ್ಲ.

“ತಗೀಬ್ಯಾಡ್ರಿ ಅನ್ರಿ” ಅಂದರು ಕಾಕಾ. “ಆ ಮನಷ್ಯಾ ಏನ್ ಮಾಡ್ಯಾನ?”

ಹಾಗೆಯೇ ಹೇಳಿ ಫೋನ್ ಇಟ್ಟೆ. ಗಲ್ಲಾಪೆಟ್ಟಿಗೆಯ ಮೇಲಿದ್ದ ಗಾಡಿಯ ಚಾವಿ ತೆಗೆದು ಎರಡೂ ಕೈಯಿಂದ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ. “ಕೈ ಬರಂಗಿಲ್ರಿ” ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಮಂಡಿ ನೋಯುತ್ತದೆ, ಮೆಟ್ಟಿಲು ಹತ್ತಲಾಗುವುದಿಲ್ಲ ಅನ್ನುವವರ ಹಾಗೆ ಅಂದರು.

ಈಗ ಅವರು ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಗಾಡಿ ಓಡಿಸುತ್ತಾರೆ. ಬೇಳೆಯ ಮೂಟೆಯನ್ನು ಹೇಗೆ ಕುಲುಕಿದರೂ ಏನೂ ಆಗುವುದಿಲ್ಲ. ಅವರ ಕೈಯಲ್ಲಿದ್ದ ವಿದ್ಯೆಗೆ ಅಲ್ಲಿ ಕೆಲಸವಿಲ್ಲ. ನನ್ನ ಗಾಡಿಗೆ ಅಂಥ ಕೈ ಮತ್ತೆ ಸಿಕ್ಕಿಲ್ಲ. ಚುರುಕಿನವನಿಗೆ ಗೆರೆ ತೋರಿಸಿ ತೋರಿಸಿ ಸ್ವಲ್ಪ ನೆಟ್ಟಗೆ ಮಾಡಿದ್ದೇನೆ. ಕಮಲಾಪುರದ ರೈತ ಹೆಂಗಸಿಗೂ ಕಲೆಯ ವಿಷಯ ಹೇಳಿದೆ. ಅವಳು “ಗೊತ್ತಿತ್ರೀ” ಎಂದು ಗೊನೆ ಕಡಿಯುತ್ತಲೇ ಇದ್ದಳು.

ಈರುಳ್ಳಿಯವರು ಮರುದಿನ ತಾವೇ ಫೋನ್ ಮಾಡಿದರು. ನಾನು ಎಲ್ಲ ಹೇಳಿದೆ. ಅವರು “ಅಕ್ಕಾ, ನಿಮ್ಮ ಮಾತಂತ ನಾ ಇನ್ನ ಮೂರು ಮಂದಿಗಿ ಹೇಳೀನಲ್ಲ” ಅಂದರು. ಯಾರ ಯಾರಿಗೆ ಎಂದು ಕೇಳಿ ಬರೆದುಕೊಂಡೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಈ ಸಲ ಕಾಲಲ್ಲಿ ನಡೆದು ಹೋದೆ. ಮೊದಲಿನವರು ನಕ್ಕುಬಿಟ್ಟರು. ಎರಡನೆಯವರಿಗೆ ನೆನಪೇ ಇರಲಿಲ್ಲ. ಮೂರನೆಯವರು ತಮ್ಮ ಬೀಗರಿಗೆ ಹೇಳಿದ್ದರಂತೆ, ಅವರದು ಸಿಮೆಂಟಿನ ಅಂಗಡಿ, ಮಾರ್ಕೆಟ್ಟಿನಿಂದ ದೂರ.

ಬಿಸಿಲಲ್ಲಿ ಹೋಗಿ ಆ ಸಿಮೆಂಟಿನ ಅಂಗಡಿಯ ಮೆಟ್ಟಿಲು ಹತ್ತಿದೆ. ಅವರು ನನ್ನನ್ನು ಎಂದೂ ನೋಡಿದವರಲ್ಲ. ಕುಳಿತುಕೊಳ್ಳಲು ಕುರ್ಚಿ ಕೊಟ್ಟರು, ನೀರು ಕೊಟ್ಟರು. ಕಮಲಾಪುರದ ಒಬ್ಬ ಡ್ರೈವರ್ ವಿಷಯ ಮಾತಾಡಲು ಬಂದಿದ್ದೇನೆ ಅಂದೆ.

“ಯಾರ್ರೀ, ಆ ಬಾಳಿಹಣ್ಣಿನ ಕಳ್ಳನಾ?” ಅಂದರು ಅವರು.

ಲೋಟ ಕೆಳಗಿಟ್ಟು, ಮೊದಲಿನಿಂದ ಹೇಳಲು ಶುರುಮಾಡಿದೆ.